ಹತ್ತಂಕಿಯ ಹೆಸರು

ಸರ್ಕಾರದ ಕಡತಗಳಿಗೆ ಮನುಷ್ಯನ ಬಾಳನ್ನು ಸಂಕ್ಷೇಪಿಸುವ ವಿದ್ಯೆ ಚೆನ್ನಾಗಿ ಕರಗತವಾಗಿದೆ. ಕಾದಂಬರಿಕಾರನು ಮುನ್ನೂರು ಪುಟಗಳಲ್ಲಿಯೂ ಹೇಳಿ ಮುಗಿಸಲಾರದುದನ್ನು ಗುಮಾಸ್ತೆಯು ಆರು ಸಾಲುಗಳಲ್ಲಿ ಹೇಳಿ, ಕೆಳಗೆ ಮೊಹರು ಒತ್ತಿಬಿಡುತ್ತಾನೆ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ರೋಗಿಗಳಿಗೆ ಉಪಚಾರ ಮಾಡಿ ವಿಮೆಯಿಂದ ಹಣ ಪಡೆಯುವವರ ಹೆಸರುಗಳು ಯಾರು ಬೇಕಾದರೂ ತೆರೆದು ನೋಡಬಹುದಾದ ಪಟ್ಟಿಗಳಲ್ಲಿ ಇರುತ್ತವೆ. ಹೆಸರು, ಹತ್ತು ಅಂಕಿಗಳ ಒಂದು ಸಂಖ್ಯೆ, ವಿದ್ಯೆಯ ಬಗೆ, ರಾಜ್ಯದ ಪರವಾನಗಿ, ಕೆಲಸ ಮಾಡುವ ಊರು, ಕೊನೆಗೆ, 'ಮೆಡಿಕೇರ್ ಒಪ್ಪಿದ ದರವನ್ನು ಸ್ವೀಕರಿಸುತ್ತಾರೆ' ಎಂಬ ಒಂದು ಮಾತು. ಇಷ್ಟೇ. ಓದುವವನಿಗೆ ಅರ್ಧ ನಿಮಿಷ ಸಾಕು.

ನ್ಯೂ ಮೆಕ್ಸಿಕೋ ರಾಜ್ಯದ ಒಂದು ಸಣ್ಣ ಊರಿನಲ್ಲಿ ಇಂಥ ಆರು ಸಾಲುಗಳ ಒಡತಿಯಾದ ಕನ್ನಡದ ಹೆಣ್ಣುಮಗಳೊಬ್ಬಳಿದ್ದಾಳೆ. ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ನಡುವೆ ಹುಟ್ಟಿ, ಮಂಗಳೂರಿನಲ್ಲಿ ನಾಲ್ಕು ವರ್ಷ ಶುಶ್ರೂಷಾ ಪದವಿಗೆ ಓದಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಗಳನ್ನು ಕಳೆದು, ಕಡಲು ದಾಟಿದವಳು. ಈಗ ಆಕೆ ನರ್ಸ್ ಪ್ರಾಕ್ಟೀಷನರ್. ಎಂದರೆ, ರೋಗಿಯನ್ನು ತಾನೇ ಪರೀಕ್ಷಿಸಿ, ರೋಗವನ್ನು ತಾನೇ ನಿರ್ಣಯಿಸಿ, ಔಷಧವನ್ನು ತಾನೇ ಬರೆದುಕೊಡುವ ಅಧಿಕಾರವುಳ್ಳ ದಾದಿ. ಆ ರಾಜ್ಯದ ಕಾನೂನಿನಂತೆ ಆಕೆಯ ಕೆಲಸಕ್ಕೆ ವೈದ್ಯರ ಮೇಲ್ವಿಚಾರಣೆ ಬೇಕಿಲ್ಲ. ಇಷ್ಟನ್ನು ಊರಿನಲ್ಲಿರುವ ಬಂಧುಗಳಿಗೆ ವಿವರಿಸುವುದು ಮಾತ್ರ ಆಕೆಯ ತಾಯಿಗೆ ಎಂದೂ ಸಾಧ್ಯವಾಗಲಿಲ್ಲ.

"ಕೇಳಿದವರಿಗೆ ಏನೆನ್ನಲಿ ಕೂಸೇ? ಡಾಕ್ಟರೆನ್ನಲೋ, ನರ್ಸೆನ್ನಲೋ?" ಎಂದು ತಾಯಿ ದೂರವಾಣಿಯಲ್ಲಿ ಕೇಳುತ್ತಿದ್ದರು.

"ನರ್ಸೆಂದೇ ಅನ್ನು ಅಮ್ಮಾ. ಸುಳ್ಳಾಗುವುದಿಲ್ಲ."

ಸುಳ್ಳಾಗುವುದಿಲ್ಲ, ನಿಜ. ಆದರೆ ಆ ಒಂದು ಶಬ್ದದಲ್ಲಿ ನಿಜವೆಲ್ಲ ಅಡಗುವುದೂ ಇಲ್ಲ. ಪರದೇಶದ ದಾದಿಗೆ ಅಮೆರಿಕದಲ್ಲಿ ಮೊದಲು ತನ್ನ ಓದಿನ ದಾಖಲೆಗಳ ತಪಾಸಣೆಯಾಗಬೇಕು; ಬಳಿಕ ಅಲ್ಲಿನ ದಾದಿಯರೆಲ್ಲರೂ ಬರೆಯುವ ಪರವಾನಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಷ್ಟಾದರೆ ದಾದಿ. ಅದರ ಮೇಲೆ ಶುಶ್ರೂಷಾ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ರೋಗಿಗಳ ನಡುವೆ ನೂರಾರು ಗಂಟೆಗಳ ಅಭ್ಯಾಸ, ರಾಷ್ಟ್ರಮಟ್ಟದ ಇನ್ನೊಂದು ಪರೀಕ್ಷೆ, ಆ ಪ್ರಮಾಣಪತ್ರವನ್ನು 5 ವರ್ಷಕ್ಕೊಮ್ಮೆ ನವೀಕರಿಸುವ ಕಟ್ಟು, ರಾಜ್ಯದ ಬೇರೆಯೇ ಒಂದು ಪರವಾನಗಿ, ಅಮಲು ಬರುವ ಔಷಧಗಳನ್ನು ಬರೆಯಲು ಕೇಂದ್ರ ಸರ್ಕಾರದ ಪ್ರತ್ಯೇಕ ನೋಂದಣಿ. ಆಕೆ ಹಗಲೆಲ್ಲ ವಾರ್ಡಿನಲ್ಲಿ ದುಡಿದು, ರಾತ್ರಿ ಅಡಿಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಇವೆಲ್ಲವನ್ನೂ ಒಂದೊಂದಾಗಿ ಗಳಿಸಿದಳು. ಕಡತದಲ್ಲಿ ಇದು ಮೂರನೆಯ ಸಾಲು.

ಒಂದನೆಯ ಸಾಲಾದ ಹೆಸರಿನ ಕಥೆ ಇನ್ನೂ ಸ್ವಾರಸ್ಯವಾದುದು. ಆಕೆಯ ಕಾಲೇಜಿನ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಅಕ್ಷರಗಳಿದ್ದವು: ಒಂದು ಊರಿನದು, ಇನ್ನೊಂದು ತಂದೆಯದು. ಪಾಸ್‌ಪೋರ್ಟಿನಲ್ಲಿ ಆಕೆಯ ಹೆಸರೊಂದೇ ಇತ್ತು. ಒಂದೇ ಹೆಸರಿನವರನ್ನು ಕಂಡರೆ ಅಮೆರಿಕದ ದಫ್ತರಕ್ಕೆ ಗಾಬರಿ. ಇದ್ದ ಹೆಸರನ್ನು ಮನೆತನದ ಹೆಸರೆಂದು ಬಗೆದು, 'ಮೊದಲ ಹೆಸರು ತಿಳಿಯದು' ಎಂಬುದರ ಮೂರು ಮೊದಲಕ್ಷರಗಳನ್ನು ವೀಸಾದಲ್ಲಿ ಮುಂದೆ ಅಂಟಿಸಿದರು. ಔಷಧದಂಗಡಿಯ ಹುಡುಗನೊಬ್ಬ ಆ ಮೂರು ಅಕ್ಷರಗಳನ್ನೇ ಕೂಡಿಸಿ ಓದಿ 'ಫ್ನೂ' ಎಂದು ಆಕೆಯನ್ನು ಕೂಗುತ್ತಿದ್ದ. 2016ರಲ್ಲಿ ಪೌರತ್ವ ದೊರೆತಾಗ ಆಕೆ ತಂದೆಯ ಹೆಸರನ್ನು ಸೇರಿಸಿಕೊಂಡು ಪೂರ್ಣ ಹೆಸರಿನವಳಾದಳು. ಹೀಗೆ ಒಬ್ಬಳೇ ಹೆಂಗಸು ಮೂರು ದಾಖಲೆಗಳಲ್ಲಿ ಮೂವರಾಗಿದ್ದಳು.

ಬದಲಾಗದೆ ಉಳಿದದ್ದು ಎರಡನೆಯ ಸಾಲು, ಆ ಹತ್ತು ಅಂಕಿಗಳು. 1996ರ ಒಂದು ಕಾನೂನಿನ ಫಲವಾಗಿ ಹುಟ್ಟಿ, 2007ರಿಂದ ಕಡ್ಡಾಯವಾಗಿ ಬಳಕೆಗೆ ಬಂದ ಈ ರಾಷ್ಟ್ರೀಯ ಗುರುತಿನ ಸಂಖ್ಯೆಯನ್ನು ವೈದ್ಯರಿಗೂ ದಾದಿಯರಿಗೂ ಔಷಧದಂಗಡಿಗಳಿಗೂ ಆಸ್ಪತ್ರೆಗಳಿಗೂ ಕೊಡುತ್ತಾರೆ. ಊರು ಬದಲಾದರೂ, ಮದುವೆಯಾಗಿ ಹೆಸರು ಬದಲಾದರೂ, ಸಂಖ್ಯೆ ಬದಲಾಗದು. ಕೊನೆಯ ಅಂಕಿಯು ಉಳಿದ ಒಂಬತ್ತರ ಕಾವಲುಗಾರ. ನಡುವೆ ಒಂದಂಕಿ ತಪ್ಪಿ ಬರೆದರೂ ಲೆಕ್ಕ ಕೂಡದೆ ತಪ್ಪು ಹೊರಬೀಳುತ್ತದೆ. ಇನ್ನೊಂದು ವಿಶೇಷವೆಂದರೆ, ಆ ಅಂಕಿಗಳಿಗೆ ಯಾವ ಅರ್ಥವೂ ಇಲ್ಲದಂತೆ ಬುದ್ಧಿಪೂರ್ವಕವಾಗಿಯೇ ಅವನ್ನು ರಚಿಸಿದ್ದಾರೆ. ಅವುಗಳಲ್ಲಿ ಊರಿಲ್ಲ, ರಾಜ್ಯವಿಲ್ಲ, ವೈದ್ಯನೋ ದಾದಿಯೋ ಎಂಬ ಭೇದವೂ ಇಲ್ಲ. ಹೃದಯದ ಶಸ್ತ್ರಚಿಕಿತ್ಸೆ ಮಾಡುವವನ ಸಂಖ್ಯೆಯೂ ಸಾಗರದ ಹೆಣ್ಣುಮಗಳ ಸಂಖ್ಯೆಯೂ ನೋಡುವುದಕ್ಕೆ ಒಂದೇ ತೆರ.

ಭೇದ ಆರಂಭವಾಗುವುದು ಹಣದ ಲೆಕ್ಕದಲ್ಲಿ.

ಮೆಡಿಕೇರ್ ಎಂಬುದು 65 ವರ್ಷ ತುಂಬಿದವರಿಗೂ ಕೆಲವು ಬಗೆಯ ಅಶಕ್ತರಿಗೂ ಅಮೆರಿಕದ ಕೇಂದ್ರ ಸರ್ಕಾರ ನಡೆಸುವ ಆರೋಗ್ಯ ವಿಮೆ. ಇಂದು ಆರೂವರೆ ಕೋಟಿಗೂ ಮೀರಿದ ಜನ ಅದರ ನೆರಳಿನಲ್ಲಿದ್ದಾರೆ. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಊರಿಗೆ ಹೋಗಿ, ಮುಪ್ಪಿನಲ್ಲಿದ್ದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ನರ ಎದುರಿನಲ್ಲಿ ಅದಕ್ಕೆ ಸಹಿ ಹಾಕಿದರು. ಮೊದಲನೆಯ ಕಾರ್ಡನ್ನು ಟ್ರೂಮನ್ನರಿಗೇ ಕೊಟ್ಟರು. ಅದೇ 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ, ಯಾವ ಸಂಭ್ರಮವೂ ಇಲ್ಲದೆ ಇನ್ನೊಂದು ಕೆಲಸ ನಡೆಯಿತು. ಹಳ್ಳಿಗಾಡಿನಲ್ಲಿ ಸಾರ್ವಜನಿಕ ಆರೋಗ್ಯದ ದಾದಿಯಾಗಿ ತಿರುಗಿ, ವೈದ್ಯರಿಲ್ಲದ ಊರುಗಳ ಮಕ್ಕಳ ಪಾಡನ್ನು ಕಣ್ಣಾರೆ ಕಂಡಿದ್ದ ಲೊರೆಟಾ ಫೋರ್ಡ್ ಎಂಬಾಕೆಯೂ ಮಕ್ಕಳ ವೈದ್ಯರಾದ ಹೆನ್ರಿ ಸಿಲ್ವರರೂ ಕೂಡಿ, ದಾದಿಯರಿಗೆ ರೋಗನಿರ್ಣಯದ ಶಿಕ್ಷಣ ಕೊಡುವ ಮೊದಲ ತರಗತಿಯನ್ನು ಆರಂಭಿಸಿದರು. ನರ್ಸ್ ಪ್ರಾಕ್ಟೀಷನರ್ ಎಂಬ ವೃತ್ತಿ ಹುಟ್ಟಿದ್ದು ಹೀಗೆ. ಫೋರ್ಡ್ ಅವರು 104 ವರ್ಷ ಬದುಕಿ 2025ರ ಜನವರಿಯಲ್ಲಿ ತೀರಿಕೊಂಡರು. ಆ ವೇಳೆಗೆ ಅವರ ಹಾದಿಯಲ್ಲಿ ನಡೆದವರ ಸಂಖ್ಯೆ ನಾಲ್ಕು ಲಕ್ಷವನ್ನು ಮೀರಿತ್ತು.

ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡು ಕೂಸುಗಳು ಒಂದರ ಮುಖವನ್ನೊಂದು ಸರಿಯಾಗಿ ನೋಡಲು ಮೂವತ್ತೆರಡು ವರ್ಷ ಬೇಕಾಯಿತು. ವಿಮೆಯ ಕಾನೂನಿನಲ್ಲಿ ಎಲ್ಲೆಲ್ಲಿಯೂ 'ವೈದ್ಯ' ಎಂಬ ಶಬ್ದವಿತ್ತು. ದಾದಿ ಮಾಡಿದ ಚಿಕಿತ್ಸೆಗೆ ದಾದಿಗೇ ಹಣ ಕೊಡುವ ಮಾತಿರಲಿಲ್ಲ. 1977ರಲ್ಲಿ ಹಳ್ಳಿಗಳ ಚಿಕಿತ್ಸಾಲಯಗಳ ಕಾನೂನು ಬಂದು ಬಾಗಿಲು ಸ್ವಲ್ಪ ತೆರೆಯಿತು. 1989ರಲ್ಲಿ ವೃದ್ಧರ ಶುಶ್ರೂಷಾಲಯಗಳಿಗೂ, ಮರುವರ್ಷ ಹಳ್ಳಿಗಾಡಿಗೂ ಅವಕಾಶ ಹಬ್ಬಿತು. ಕಡೆಗೆ 1997ರ ಕಾನೂನು, ದಾದಿ ಎಲ್ಲಿಯೇ ಕೆಲಸ ಮಾಡಲಿ ಆಕೆಯ ಹೆಸರಿಗೇ ಹಣ ಸಲ್ಲಲಿ ಎಂದಿತು. 1998ರ ಜನವರಿ 1ರಿಂದ ಅದು ಜಾರಿಗೆ ಬಂತು. ಆದರೆ ಪೂರ್ತಿ ದರವಲ್ಲ. ವೈದ್ಯನಿಗೆ ಸಲ್ಲುವುದರಲ್ಲಿ ಶೇಕಡಾ 85.

ಲೆಕ್ಕ ಹೀಗಿದೆ. ವರ್ಷದ ಆರಂಭದಲ್ಲಿ ರೋಗಿ ತನ್ನ ಕೈಯಿಂದ ಒಂದು ಮೊತ್ತವನ್ನು ತೆರಬೇಕು. 2025ರಲ್ಲಿ ಅದು 257 ಡಾಲರ್. ಅದಾದ ಮೇಲೆ, ವೈದ್ಯನಿಗೆ 100 ಡಾಲರ್ ದೊರೆಯುವ ಕೆಲಸಕ್ಕೆ ಆಕೆಗೆ 85. ಅದರಲ್ಲಿ ಐದರಲ್ಲಿ ನಾಲ್ಕು ಪಾಲು, ಎಂದರೆ 68 ಡಾಲರ್, ವಿಮೆ ಕೊಡುತ್ತದೆ. ಉಳಿದ 17 ರೋಗಿಯದು. ಮೆಡಿಕೇರಿಗೆ ಸೇರಿಯೂ ಅದರ ದರಕ್ಕೆ ಪೂರ್ತಿಯಾಗಿ ಕಟ್ಟುಬೀಳದ ವೈದ್ಯನು ಒಂದು ಮಿತಿಯವರೆಗೆ ರೋಗಿಯಿಂದ ಹೆಚ್ಚು ಕೇಳಬಹುದು. ದಾದಿಗೆ ಆ ದಾರಿಯಿಲ್ಲ. ಸರ್ಕಾರ ಒಪ್ಪಿದ ದರವೇ ಆಕೆಯ ದರ.

ಇದಕ್ಕೆ ವೈದ್ಯರು ಹೇಳುವ ಸಮಾಧಾನವನ್ನು ತಳ್ಳಿಹಾಕುವಂತಿಲ್ಲ. ಕಾಲೇಜಿನ ನಾಲ್ಕು ವರ್ಷ, ವೈದ್ಯಶಾಲೆಯ ನಾಲ್ಕು ವರ್ಷ, ಅದರ ಮೇಲೆ ಆಸ್ಪತ್ರೆಯಲ್ಲಿ ಮೂರು ವರ್ಷಕ್ಕೆ ಕಡಿಮೆಯಿಲ್ಲದ ತರಬೇತಿ. ಅಷ್ಟು ದೀರ್ಘವಾದ ತಪಸ್ಸಿಗೆ ಹದಿನೈದು ಡಾಲರ್ ಹೆಚ್ಚು ಬೇಡವೆ? ಬೇಕೆಂದು ಆಕೆಯೂ ಒಪ್ಪುತ್ತಾಳೆ. ತನ್ನ ಕೈ ಮೀರಿದ ರೋಗವನ್ನು ಕಂಡೊಡನೆ ವೈದ್ಯರಿಗೆ ಕಾಗದ ಬರೆದು ಕಳಿಸುವವಳೂ ಆಕೆಯೇ. ಆದರೆ ಸಕ್ಕರೆ ಕಾಯಿಲೆಯ ಮುದುಕನ ಕಾಲ್ಬೆರಳುಗಳ ನಡುವೆ ಹುಣ್ಣನ್ನು ಹುಡುಕುವಾಗ, ನೋಡುವ ಕಣ್ಣು ಎರಡೇ. ಅಲ್ಲಿ ಶೇಕಡಾ ಎಂಬತ್ತೈದರಷ್ಟು ನೋಡುವುದು ಹೇಗೆ?

ಆಕೆಯ ಮನಸ್ಸನ್ನು ಬಹುಕಾಲ ಕೊರೆದದ್ದು ಈ ಹದಿನೈದಲ್ಲ. ಸ್ನಾತಕೋತ್ತರ ಪದವಿಯಾದ ಮೇಲೆ ಆಕೆ ಕೆಲವು ವರ್ಷ ಒಂದು ಚಿಕಿತ್ಸಾಲಯದಲ್ಲಿ ಸಂಬಳಕ್ಕಿದ್ದಳು. ಮೆಡಿಕೇರಿನ ನಿಯಮಗಳಲ್ಲಿ ಒಂದು ಒಳದಾರಿಯಿದೆ: ರೋಗಿಯನ್ನು ಮೊದಲು ವೈದ್ಯನು ನೋಡಿ ಚಿಕಿತ್ಸೆಯ ಕ್ರಮವನ್ನು ಹಾಕಿಕೊಟ್ಟಿದ್ದು, ಮುಂದಿನ ಭೇಟಿಗಳಲ್ಲಿ ದಾದಿ ನೋಡುವಾಗ ವೈದ್ಯನ ಮೇಲ್ವಿಚಾರಣೆಯಿದ್ದರೆ, ಆ ಕೆಲಸವನ್ನು ವೈದ್ಯನ ಸಂಖ್ಯೆಯಲ್ಲಿಯೇ ಲೆಕ್ಕಕ್ಕೆ ಬರೆಯಬಹುದು. ಆಗ ದೊರೆಯುವುದು ಪೂರ್ತಿ ನೂರು. ಇದು ಕಳ್ಳತನವಲ್ಲ, ಕಾನೂನು ಒಪ್ಪಿದ ಕ್ರಮ. ಚಿಕಿತ್ಸಾಲಯದ ಲೆಕ್ಕಿಗನು ಸಾಧ್ಯವಾದಲ್ಲೆಲ್ಲ ಹಾಗೆಯೇ ಬರೆಯುತ್ತಿದ್ದ. ಆಕೆ ಬೆಳಗಿನಿಂದ ಸಂಜೆಯವರೆಗೆ ರೋಗಿಗಳನ್ನು ನೋಡುತ್ತಿದ್ದಳು. ಸಂಜೆ ಕಳಿಸಿದ ಬಿಲ್ಲುಗಳಲ್ಲಿ ಹೆಚ್ಚಿನವುಗಳ ಮೇಲೆ ಆಕೆಯ ಹತ್ತಂಕಿಯಿರುತ್ತಿರಲಿಲ್ಲ. ಸರ್ಕಾರದ ದಾಖಲೆಯ ಪ್ರಕಾರ ಆ ದಿನ ಆಕೆ ಬಹುಮಟ್ಟಿಗೆ ಏನೂ ಮಾಡಿರಲಿಲ್ಲ.

ಈ ಕ್ರಮದಿಂದ ಹಣ ಹೆಚ್ಚು ಖರ್ಚಾಗುವುದಲ್ಲದೆ, ಯಾರು ಯಾರಿಗೆ ಚಿಕಿತ್ಸೆ ಮಾಡಿದರೆಂಬ ಲೆಕ್ಕವೇ ಮಸುಕಾಗುತ್ತದೆಂದು, ಅಮೆರಿಕದ ಶಾಸನಸಭೆಗೆ ಮೆಡಿಕೇರ್ ವಿಷಯದಲ್ಲಿ ಸಲಹೆ ಕೊಡುವ ಆಯೋಗವು 2019ರ ಜೂನ್ ವರದಿಯಲ್ಲಿ ಹೇಳಿತು. ನರ್ಸ್ ಪ್ರಾಕ್ಟೀಷನರುಗಳು ತಮ್ಮ ಸಂಖ್ಯೆಯಲ್ಲಿಯೇ ಲೆಕ್ಕ ಬರೆಯುವಂತಾಗಲಿ ಎಂದು ಸಲಹೆ ಮಾಡಿತು. ಆ ವರದಿ ಬರುವ ಮೊದಲೇ ಆಕೆ ತನ್ನ ಮಟ್ಟಿಗೆ ತೀರ್ಮಾನ ಮಾಡಿಯಾಗಿತ್ತು. 2018ರಲ್ಲಿ ಕೆಲಸ ಬಿಟ್ಟು, ಒಂದೇ ಕೋಣೆಯ ತನ್ನ ಚಿಕಿತ್ಸಾಲಯವನ್ನು ತೆರೆದಳು.

ಮೆಡಿಕೇರಿಗೆ ಸ್ವತಂತ್ರವಾಗಿ ಸೇರುವ ಅರ್ಜಿಯನ್ನು ತುಂಬುವಾಗ ಮೂರು ಹೆಸರುಗಳ ಹಳೆಯ ತೊಡಕು ಮತ್ತೆ ಎದ್ದಿತು. ರಾಜ್ಯದ ಪರವಾನಗಿ ಹೊಸ ಹೆಸರಿನಲ್ಲಿ, ರಾಷ್ಟ್ರೀಯ ಪ್ರಮಾಣಪತ್ರ ಹಳೆಯ ಹೆಸರಿನಲ್ಲಿ. ಸರ್ಕಾರದ ಪರವಾಗಿ ಅರ್ಜಿಗಳನ್ನು ನೋಡುವ ಗುತ್ತಿಗೆದಾರ ಸಂಸ್ಥೆ ಅರ್ಜಿಯನ್ನು ತಿರುಗಿಸಿತು. ತಿದ್ದಿಸಿ ಮತ್ತೆ ಕಳಿಸಿದಳು. ಆ ಕೆಲವು ವಾರಗಳಲ್ಲಿ ಹಿತೈಷಿಗಳು ಬಂದು ಬುದ್ಧಿ ಹೇಳಿದರು: "ಈ ಗೋಜೇಕೆ? ಮೆಡಿಕೇರಿನಿಂದ ಹೊರಗುಳಿಯುತ್ತೇನೆಂದು ಬರೆದುಕೊಟ್ಟುಬಿಡಿ. ರೋಗಿಯೊಡನೆ ನೇರವಾಗಿ ಕರಾರು ಮಾಡಿಕೊಂಡು ನಿಮಗೆ ಬೇಕಾದ ದರ ಪಡೆಯಬಹುದು." ಇದೂ ಕಾನೂನು ಒಪ್ಪಿದ ಮಾತೇ. ಹಾಗೆ ಬರೆದುಕೊಟ್ಟವರು ಎರಡು ವರ್ಷ ಹೊರಗಿರಬೇಕು. ಅವರ ರೋಗಿಗಳು ವಿಮೆಯಿಂದ ಒಂದು ಕಾಸನ್ನೂ ಪಡೆಯಲಾರರು.

ಆಕೆ ತನ್ನ ಬಾಗಿಲಿಗೆ ಬರುವವರನ್ನು ನೆನೆದಳು. ಗಣಿಯಲ್ಲಿ ದುಡಿದು ಶ್ವಾಸಕೋಶ ಕೆಡಿಸಿಕೊಂಡ ಮುದುಕರು. ದನಗಳನ್ನು ಮಾರಿ ಮಗಳ ಮನೆ ಸೇರಿದ ರೈತ. ಸ್ಪ್ಯಾನಿಷ್ ಮಾತ್ರ ಬಲ್ಲ ಅಜ್ಜಿಯರು. ಹದಿನೇಳು ಡಾಲರನ್ನು ಎಣಿಸಿ ಕೊಡುವಾಗ ಅವರ ಕೈ ತಡೆಯುವುದನ್ನು ಆಕೆ ಕಂಡಿದ್ದಳು. ಅವರಲ್ಲಿ ಯಾರೊಡನೆ ಕರಾರು ಮಾಡಿಕೊಳ್ಳುವುದು? ಅರ್ಜಿ ಮಂಜೂರಾಯಿತು. ಆಕೆಯ ಸಂಖ್ಯೆಯಲ್ಲಿ ಬರೆದ ಮೊದಲ ಬಿಲ್ಲಿಗೆ ಎಂಬತ್ತೈದರ ಲೆಕ್ಕದಲ್ಲಿ ಹಣ ಬಂದಾಗ, ಅದರೊಡನೆ ಬಂದ ವಿವರದ ಹಾಳೆಯನ್ನು ಆಕೆ ಬಿಸಾಡದೆ ಮೇಜಿನೊಳಗೆ ಇಟ್ಟುಕೊಂಡಳು. ಹದಿನೈದು ಕಡಿಮೆಯಿತ್ತು, ಹೆಸರು ತನ್ನದಿತ್ತು.

ಹೆಸರಿದ್ದ ಮಾತ್ರಕ್ಕೆ ಎಲ್ಲ ಬಾಗಿಲುಗಳೂ ತೆರೆಯಲಿಲ್ಲ. ಸೊಂಟ ಮುರಿದುಕೊಂಡು ಆಸ್ಪತ್ರೆಯಿಂದ ಮರಳಿದ ಅಜ್ಜಿಯೊಬ್ಬಳಿಗೆ ಮನೆಗೇ ಬಂದು ಉಪಚರಿಸುವ ದಾದಿಯ ನೆರವು ಬೇಕಾಗಿತ್ತು. ಮೆಡಿಕೇರ್ ಅದಕ್ಕೆ ಹಣ ಕೊಡುತ್ತದೆ; ಆದರೆ 'ಇವರಿಗೆ ಇದು ಅವಶ್ಯ' ಎಂಬ ಪತ್ರಕ್ಕೆ ವೈದ್ಯನೇ ಸಹಿ ಹಾಕಬೇಕೆಂದು 1965ರ ಕಾನೂನು ಹೇಳಿತ್ತು. ಆ ಅಜ್ಜಿಯನ್ನು ವರ್ಷವೆಲ್ಲ ನೋಡಿಕೊಂಡವಳ ಸಹಿ ನಡೆಯದು. ತೊಂಬತ್ತು ಮೈಲಿ ದೂರದ, ಅಜ್ಜಿಯ ಮುಖವನ್ನೇ ಕಾಣದ ವೈದ್ಯರ ಸಹಿ ನಡೆಯುತ್ತದೆ. ಸಹಿಗಾಗಿ ದಿನಗಳು ಕಳೆದವು. 2020ರ ಮಾರ್ಚಿನಲ್ಲಿ ಕೋವಿಡ್ ಮಹಾಮಾರಿಯ ನಡುವೆ ಬಂದ ಪರಿಹಾರದ ಕಾನೂನು ಆ ಅಧಿಕಾರವನ್ನು ನರ್ಸ್ ಪ್ರಾಕ್ಟೀಷನರುಗಳಿಗೂ ಕೊಟ್ಟಿತು. ಐವತ್ತೈದು ವರ್ಷಗಳ ವಾದಕ್ಕೆ ಬಗ್ಗದ ಬೀಗವನ್ನು ಒಂದು ಕಾಯಿಲೆ ಕೆಲವೇ ವಾರಗಳಲ್ಲಿ ತೆಗೆಯಿತು. ಆದರೂ ಒಂದು ಬೀಗ ಹಾಗೆಯೇ ಉಳಿಯಿತು. ಬದುಕುವ ಆಸೆಯಿಲ್ಲದ ರೋಗಿಗೆ ಅಂತ್ಯಕಾಲದ ಶುಶ್ರೂಷೆ ದೊರೆಯಬೇಕಾದರೆ, 'ಈತನ ಆಯುಸ್ಸು ಆರು ತಿಂಗಳಿಗಿಂತ ಹೆಚ್ಚಿರಲಾರದು' ಎಂದು ದೃಢೀಕರಿಸುವ ಸಹಿ ವೈದ್ಯನದೇ ಆಗಬೇಕು. ಆಕೆ ಸಾಯುವವನ ಪಕ್ಕದಲ್ಲಿ ಕೂರಬಹುದು, ನೋವಿಗೆ ಔಷಧ ಕೊಡಬಹುದು, ಕಣ್ಣು ಮುಚ್ಚಬಹುದು. ಆತ ಸಾಯುತ್ತಿದ್ದಾನೆಂದು ಮಾತ್ರ ಬರೆದುಕೊಡಲಾಗದು.

ಊರಿನಲ್ಲಿರುವ ತಮ್ಮ ಒಮ್ಮೆ ಕೇಳಿದ: "ಅಕ್ಕಾ, ಇಷ್ಟೆಲ್ಲ ಕಲಿತವಳು ಇಲ್ಲಿಗೇ ಬಂದು ಒಂದು ಚಿಕಿತ್ಸಾಲಯ ತೆರೆಯಬಾರದೇ?" ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. ಭಾರತೀಯ ಶುಶ್ರೂಷಾ ಮಂಡಳಿಯು ತೀವ್ರ ನಿಗಾ ಘಟಕಗಳ ದಾದಿಯರಿಗಾಗಿ ಇದೇ ಹೆಸರಿನ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವನ್ನು ರೂಪಿಸಿದೆ; 2018ರಲ್ಲಿ ಹೆರಿಗೆಯ ಶುಶ್ರೂಷೆಗೂ ಅಂಥದೊಂದು ಯೋಜನೆ ಬಂದಿದೆ. ಅದೇ ವರ್ಷ ಸೆಪ್ಟೆಂಬರ್ 23ರಂದು ಆರಂಭವಾದ ಆಯುಷ್ಮಾನ್ ಭಾರತವು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಖರ್ಚನ್ನು ಭರಿಸುತ್ತದೆ. ಆ ಹಣ ಸೇರುವುದು ಆಸ್ಪತ್ರೆಗೆ, ಚಿಕಿತ್ಸೆಗೊಂದು ಒಟ್ಟು ಮೊತ್ತವಾಗಿ. ರಾತ್ರಿಯೆಲ್ಲ ಎಚ್ಚರವಿದ್ದ ದಾದಿಯ ಹೆಸರಿಗೆ ಆ ಲೆಕ್ಕದಲ್ಲಿ ಬೇರೆ ಸಾಲಿಲ್ಲ. "ಅಲ್ಲಿ ನನಗೆ ಎಂಬತ್ತೈದೂ ಇಲ್ಲವಲ್ಲೋ" ಎಂದು ನಕ್ಕು ಆಕೆ ಮಾತು ಮುಗಿಸಿದಳು. ನಕ್ಕಳಾದರೂ ಆ ರಾತ್ರಿ ಬೆಂಗಳೂರಿನ ಹಳೆಯ ಗೆಳತಿಯರ ನೆನಪು ಆಕೆಯನ್ನು ಬಿಡಲಿಲ್ಲ.

ತಂದೆ ತೀರಿಕೊಂಡ ಮೇಲೆ, 2022ರಲ್ಲಿ, ತಾಯಿ ಮಗಳ ಬಳಿಗೆ ಬಂದರು. ವಯಸ್ಸು ಎಪ್ಪತ್ತು ದಾಟಿತ್ತು. ರಕ್ತದ ಒತ್ತಡವೂ ಮೊಣಕಾಲು ನೋವೂ ಜೊತೆಗೆ ಬಂದವು. ಮಗಳ ಮನೆಯಲ್ಲಿ ದಿನವೂ ಮೆಡಿಕೇರಿನ ಮಾತು. ಆದರೆ ತಾಯಿಗೆ ಮೆಡಿಕೇರ್ ಇಲ್ಲ. ಖಾಯಂ ವಾಸದ ಪರವಾನಗಿಯೊಡನೆ ಬಂದ ವೃದ್ಧರು ಐದು ವರ್ಷ ಎಡೆಬಿಡದೆ ಆ ದೇಶದಲ್ಲಿದ್ದ ಬಳಿಕವೇ ಅದಕ್ಕೆ ಸೇರಬಹುದು. ಅಲ್ಲಿ ದುಡಿದು ತೆರಿಗೆ ಕಟ್ಟಿರದವರಿಗೆ ಅದೂ ಬಿಟ್ಟಿಯಲ್ಲ. 2025ರ ದರದಲ್ಲಿ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯೋಪಚಾರದ ಭಾಗಕ್ಕೆ 185. ಅಲ್ಲಿಯವರೆಗೆ ಮಗಳು ಬೇರೆ ವಿಮೆಗೆ ಹಣ ತೆರುತ್ತಾಳೆ. ಊರಿನ ಮುದುಕರಿಗೆಲ್ಲ ತೆರೆದ ಬಾಗಿಲಿನಲ್ಲಿ ತನ್ನ ತಾಯಿ ಮಾತ್ರ ಹೊರಗೆ ಕುಳಿತಿದ್ದಾರೆಂಬ ನೋವನ್ನು ಆಕೆ ಯಾರಲ್ಲಿಯೂ ಆಡಿಕೊಳ್ಳುವುದಿಲ್ಲ.

2023ರಲ್ಲಿ ಮೆಡಿಕೇರಿನಿಂದ ಕಾಗದ ಬಂತು. ಐದು ವರ್ಷವಾಯಿತು, ಎಲ್ಲ ವಿವರಗಳನ್ನೂ ಮರಳಿ ದೃಢಪಡಿಸತಕ್ಕದ್ದು. ತಪ್ಪಿದರೆ ಹಣ ನಿಲ್ಲುವುದು. ಆಕೆ ಒಂದು ಭಾನುವಾರ ಕುಳಿತು ಆರು ಸಾಲುಗಳನ್ನೂ ಮತ್ತೆ ಬರೆದಳು. ಈ ಸಾರಿ ಹೆಸರಿನಲ್ಲಿ ತೊಡಕಿರಲಿಲ್ಲ. ಕೆಲಸ ಮುಗಿಸಿ ಎದ್ದವಳು, ಪ್ರತಿ ಭಾನುವಾರದ ಪದ್ಧತಿಯಂತೆ ತಾಯಿಯ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದಳು, ಪುಸ್ತಕದಲ್ಲಿ ಬರೆದುಕೊಂಡಳು.

"ನನಗೆ ಆ ಕಾರ್ಡು ಬಂದ ಮೇಲೆ, ಹೀಗೆ ನೋಡಿದ್ದಕ್ಕೆ ನಿನಗೂ ಸರ್ಕಾರ ಕೊಡುತ್ತದೆಯೇ ಕೂಸೇ?" ಎಂದು ತಾಯಿ ಕೇಳಿದರು.

"ಇಲ್ಲ ಅಮ್ಮಾ. ಹತ್ತಿರದ ಸಂಬಂಧಿಕರಿಗೆ ಮಾಡಿದ ಚಿಕಿತ್ಸೆಗೆ ಕೊಡುವುದಿಲ್ಲವೆಂದು ನಿಯಮದಲ್ಲೇ ಬರೆದಿದ್ದಾರೆ."

ತಾಯಿ ತೋಳಿನ ಪಟ್ಟಿಯನ್ನು ತಾವೇ ಬಿಚ್ಚಿ ಮಡಿಸಿಟ್ಟರು.

"ಅಷ್ಟು ಮಟ್ಟಿಗೆ ಅವರಿಗೂ ತಿಳಿದಿದೆ" ಎಂದರು.